ಅತ್ತೆಯವರ ಎರಡು ಬೆರಳು

ನಮ್ಮ ಅತ್ತೆಯವರ ಬಲಗೈಯ ತೋರುಬೆರಳು ತುದಿಯಲ್ಲಿ ಒಳಕ್ಕೆ ಬಾಗಿತ್ತು. ಚಿಕ್ಕವರಿದ್ದಾಗ ಪಂಚನಹಳ್ಳಿಯ ತವರಿನಲ್ಲಿ ನವಣೆ ಕುಟ್ಟುವಾಗ, ಕಾಳು ಮಗುಚಲು ಒರಳಿಗೆ ಕೈ ಹಾಕಿ, ಅಕ್ಕನ ಒನಕೆ ಬಿದ್ದು ಹಾಗಾಯಿತಂತೆ. ಆ ಡೊಂಕು ಬೆರಳಿಗೆ ನಡುಬೆರಳನ್ನು ಒತ್ತಿ ಜೋಡಿಸಿದರೆ ಅದೇ ಅವರ ಅಳತೆಗೋಲು. ಹಿಟ್ಟಿನ ಮಡಕೆಯಲ್ಲಿ ನೀರು ಎಷ್ಟಿರಬೇಕು, ಸಸಿಯಿಂದ ಸಸಿಗೆ ಎಷ್ಟು ದೂರ, ಮಕ್ಕಳ ಅಂಗಿಗೆ ಎಷ್ಟು ಮಡಿಕೆ, ಎಲ್ಲವನ್ನೂ ಆ ಎರಡು ಬೆರಳೇ ಹೇಳುತ್ತಿದ್ದವು.

ಎಲ್ಲ ಸರಿಯಾಗಿದ್ದ ಕೊನೆಯ ದಿನ ಒಂದು ಮಂಗಳವಾರ. ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು. ಬೆಳಿಗ್ಗೆ ಅತ್ತೆಯವರು ಎಂದಿನಂತೆ ಮಗನನ್ನು ಕರೆದುಕೊಂಡು, ಅಜ್ಜಂಪುರದ ಆಚೆ ಅಮೃತಮಹಲ್ ದನಗಳು ಮೇಯುವ ಕಾವಲು ಶುರುವಾಗುವಲ್ಲಿ ಇರುವ ಗಡಿಕಲ್ಲಿನವರೆಗೆ ನಡೆದು ಬಂದರು. ಸಂಜೆ, ದೀಪ ಹಚ್ಚುವ ಮುಂಚೆ, ನಾನು ನಮ್ಮ ಮನೆಯವರಿಗೆ ಬಡಿಸಿದೆ. ಮುದ್ದೆ, ಹುರುಳಿಕಟ್ಟಿನ ಸಾರು, ಹೊಲದಿಂದ ಕಿತ್ತು ತಂದ ಸೊಪ್ಪಿನ ಪಲ್ಯ. ಅತ್ತೆಯವರು ಬಗ್ಗಿ, ಮುದ್ದೆಗೂ ತಟ್ಟೆಯ ಅಂಚಿಗೂ ನಡುವೆ ಎರಡು ಬೆರಳು ಹಿಡಿದು ನೋಡಿದರು. ಮುದ್ದೆಯ ಸುತ್ತ ಎರಡು ಬೆರಳಷ್ಟು ಬರಿಯ ತಟ್ಟೆ ಕಾಣಬೇಕು ಎಂಬುದು ಅವರ ಕಟ್ಟಳೆ. ಅವತ್ತು ಕಾಣಲಿಲ್ಲ.

"ಏನೇ ಇದು, ಮುದ್ದೆ ಕಟ್ಟಿದೀಯೋ ಗಡಿಕಲ್ಲು ತಂದಿಟ್ಟಿದೀಯೋ?" ಎಂದರು ನನಗೆ.

"ಅವ್ವಾ, ಕಲ್ಲಿನವರೆಗೂ ನಡೆಸ್ತೀಯ. ಕಲ್ಲಿನಷ್ಟು ತಿನ್ಬಾರ್ದಾ?" ಎಂದರು ನಮ್ಮ ಮನೆಯವರು.

"ನಡೆಯೋದು ನಾಲ್ಕು ಹೆಜ್ಜೆ, ಕೇಳೋದು ನಾಲ್ಕು ಮುದ್ದೆ. ತೆಗಿಯೇ ಅರ್ಧ."

ಮೂವರೂ ನಕ್ಕೆವು. ಊಟವಾದ ಮೇಲೆ ಅತ್ತೆಯವರು ಜಗಲಿಯ ಮೇಲೆ ಕಾಲು ಚಾಚಿ ಕುಳಿತು, ತೊಡೆಯ ಮೇಲೆ ಕೆಂಪು ನೂಲು ಇಟ್ಟು ಹಬ್ಬದ ಉಡಿದಾರ ಹೊಸೆಯತೊಡಗಿದರು. ಕತ್ತಲಾಯಿತು. ಅರ್ಧ ಹೊಸೆದದ್ದನ್ನು ಗೂಟಕ್ಕೆ ಸಿಕ್ಕಿಸಿ, "ಮಿಕ್ಕಿದ್ದು ನಾಳೆ ಹೊಸೀತೀನಿ" ಎಂದು ಒಳಗೆ ಹೋದರು.

ಮರುದಿನ ಅವರು ನಡೆಯಲು ಏಳಲಿಲ್ಲ. ಮೈ ಕೆಂಡದ ಹಾಗೆ ಸುಡುತ್ತಿತ್ತು.

ನಾನು ತರೀಕೆರೆಯವಳು. ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ಅಷ್ಟು ಓದಿನ ಆಸರೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ತವರು ಕೆರೆಯ ಕೆಳಗಿನ ಗದ್ದೆಯವರದು. ಮೂರು ಹೊತ್ತೂ ಅನ್ನ. ಅಜ್ಜಂಪುರಕ್ಕೆ ಸೊಸೆಯಾಗಿ ಬಂದ ಮೊದಲ ದಿನ ಮುದ್ದೆ ಗಂಟಲಲ್ಲಿ ಇಳಿಯದೆ ನಾನು ಕಣ್ಣಲ್ಲಿ ನೀರು ತಂದುಕೊಂಡೆ. ಅತ್ತೆಯವರು ಬಯ್ಯಲಿಲ್ಲ. ನನ್ನ ತಟ್ಟೆಯಿಂದ ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಹೇಗೆ ನುಂಗಬೇಕೆಂದು ತೋರಿಸಿದರು. "ಅನ್ನ ನೆಂಟರು ಕಣೇ, ರಾಗಿ ಮನೆಮಗ. ನೆಂಟರು ಬರ್ಲಿ, ಸಂತೋಷ. ದಿನಾ ಇದ್ದುಬಿಟ್ರೆ ಮನೆ ಏನಾಗ್ಬೇಕು?" ಎಂದರು.

ಅವರು ಕಡೂರು ಸೀಮೆಯ ಬೆದ್ದಲು ನೆಲದಲ್ಲಿ, ಮಳೆ ನಂಬಿ ಬಿತ್ತುವವರ ನಡುವೆ ಬೆಳೆದವರು. ಅರವತ್ತರ ಹತ್ತಿರವಾದರೂ ಬೆನ್ನು ನೆಟ್ಟಗೆ ಇತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಒಂದು ಬಟ್ಟಲು ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿದರೆ ಮತ್ತೆ ಹೊತ್ತು ನೆತ್ತಿಗೆ ಬರುವವರೆಗೆ ಬಾಯಿಗೆ ಏನೂ ಇಲ್ಲ. ನಡುವೆ ಯಾರ ಮನೆಗೆ ಹೋದರೂ, ಏನು ಕೊಟ್ಟರೂ, ಮರ್ಯಾದೆಗೆಂದು ಒಂದು ಚೂರು ಮಾತ್ರ ಮುರಿದು ಬಾಯಿಗೆ ಹಾಕಿ, ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಕ್ಕಳಿಗೆ ತರುತ್ತಿದ್ದರು. ಇನ್ನೊಂದು ತುತ್ತು ಬೇಕು ಅನ್ನಿಸುವಾಗಲೇ ಕೈ ತೊಳೆಯಬೇಕು ಎನ್ನುತ್ತಿದ್ದರು. ಆದರೆ ಹಬ್ಬದ ದಿನ ಹೋಳಿಗೆಯನ್ನು ತುಪ್ಪದೊಂದಿಗೆ, ಕಣ್ಣು ಮುಚ್ಚಿ, ಸಂತೋಷದಿಂದ ತಿನ್ನುತ್ತಿದ್ದರು. "ಹಬ್ಬದ ದಿನ ಉಣ್ಣದೋನು ಹಬ್ಬ ಕಳೆದ ಮೇಲೆ ಕದ್ದು ತಿಂತಾನೆ" ಎಂಬುದು ಅವರ ಮಾತು.

ಉಡಿದಾರದ ಕಟ್ಟಳೆಯೂ ಅವರದೇ. ನಮ್ಮ ಮನೆಯಲ್ಲಿ ಗಂಡಸರಿಗೂ ಮಕ್ಕಳಿಗೂ ಯುಗಾದಿಯ ಬೆಳಿಗ್ಗೆ ಎಣ್ಣೆನೀರಾದ ಮೇಲೆ ಹೊಸ ಉಡಿದಾರ. ಹಳೆಯದನ್ನು ಬಿಚ್ಚಿ ಅತ್ತೆಯವರ ಕೈಗೆ ಕೊಡಬೇಕು. ಅವರು ಹಳೆಯದರ ಪಕ್ಕಕ್ಕೆ ಹೊಸದನ್ನು ಹಿಡಿದು ಅಷ್ಟೇ ಉದ್ದಕ್ಕೆ ಕತ್ತರಿಸುವರು. ಸೊಂಟದ ಅಳತೆ ನೋಡುತ್ತಿರಲಿಲ್ಲ, ಹಳೆಯ ದಾರದ ಅಳತೆ ಮಾತ್ರ. "ಬೆಳೆಯೋ ಮಕ್ಕಳಿಗೆ ಎರಡು ಬೆರಳು ಹೆಚ್ಚು, ಬೆಳೆದೋರಿಗೆ ಕೂದಲಷ್ಟೂ ಇಲ್ಲ" ಎನ್ನುತ್ತಿದ್ದರು. ವರ್ಷದ ನಡುವೆ ದಾರ ಬಿಗಿಯಾಯಿತೆಂದು ಯಾರಾದರೂ ಹೇಳಿದರೆ, "ದಾರ ಉಣ್ಣಲ್ಲ ಕಣಪ್ಪ, ನೀನು ಉಂಡಿದೀಯ" ಎಂದು ರಾತ್ರಿಯ ಮುದ್ದೆ ಸಣ್ಣದು ಮಾಡಿ ಹೊಲಕ್ಕೆ ಎರಡು ಸಲ ಹೆಚ್ಚು ಕಳಿಸುವರು. ನಮ್ಮ ಮನೆಯ ಹಳೆಯ ಆಳಿಗೂ ಅವರದೇ ದಾರ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಯಾರಾದರೂ ಹೇಳಿದರೆ, "ಹೊನ್ನು ಹಾಳಾಗ್ಲಿ, ಉಡಿದಾರಾನೂ ಸಾಲ್ದು" ಎಂದು ಸೇರಿಸುವರು.

ಇಷ್ಟು ಕಟ್ಟುನಿಟ್ಟಿನವರು ಒಂದು ಕಡೆ ಮಾತ್ರ ತಪ್ಪಿದರು. ಅದನ್ನು ಬಚ್ಚಿಡುವುದು ಅವರಿಗೇ ಇಷ್ಟವಾಗುತ್ತಿರಲಿಲ್ಲ, ಆದ್ದರಿಂದ ಬರೆಯುತ್ತೇನೆ.

ಮಾವನವರು ತೀರಿಕೊಂಡ ಮೇಲೆ ನಮ್ಮ ಮನೆಯವರು ಹೊಲ ಬಿಟ್ಟು ಕೊಬ್ಬರಿ ಮಂಡಿಯಲ್ಲಿ ಕೂರತೊಡಗಿದರು. ಬೆಳಗಿನಿಂದ ಸಂಜೆಯವರೆಗೆ ಗಾದಿ, ಬೆನ್ನಿಗೆ ಲೋಡುದಿಂಬು. ಬಂದವರ ಜೊತೆ ಬೋಂಡ, ಖಾರ, ಬೆಲ್ಲದ ಪಾನಕ. ಮೈ ತುಂಬಿತು. ಊರಿನವರು ಹೊಗಳಿದರು. ಆಯುಧಪೂಜೆಯ ದಿನ ಮಂಡಿಯ ಹಮಾಲರು ಅವರನ್ನು ತಕ್ಕಡಿಯಲ್ಲಿ ಕೂರಿಸಿ, ಹೋದ ವರ್ಷಕ್ಕಿಂತ ಒಂದು ತೂಕದ ಕಲ್ಲು ಹೆಚ್ಚು ಇಡಬೇಕಾಯಿತೆಂದು ಕೂಗು ಹಾಕುತ್ತಿದ್ದರು. ಅವರಿಗೂ ಖುಷಿ. ಆದರೆ ಯಾರಾದರೂ ದಪ್ಪನಾದಿರಿ ಎಂದರೆ ಒಪ್ಪುತ್ತಿರಲಿಲ್ಲ. "ಎಲ್ಲಿ ದಪ್ಪ? ಮದುವೆ ದಿನ ಕಟ್ಟಿದ ಅಳತೆಯ ಉಡಿದಾರಾನೇ ಇವತ್ತೂ ಇದೆ. ನಮ್ಮವ್ವನ ಅಳತೆ ಸ್ವಾಮಿ, ಸರ್ಕಾರದ ಸೇರಿಗಿಂತ ಗಟ್ಟಿ" ಎನ್ನುತ್ತಿದ್ದರು. ನಾನೂ ನಂಬಿದ್ದೆ.

ನನ್ನ ತಮ್ಮನ ಮದುವೆಗೆಂದು ತರೀಕೆರೆಗೆ ಹೊರಟೆವು. ಬೀರೂರಿನಲ್ಲಿ ರೈಲುಗಾಡಿ ಬದಲಿಸಬೇಕು. ನಮ್ಮ ಗಾಡಿ ತಡವಾಗಿ ಬಂತು, ತರೀಕೆರೆಯ ಗಾಡಿ ಆಗಲೇ ಸಿಳ್ಳೆ ಹಾಕುತ್ತಿತ್ತು. ನಮ್ಮ ಮನೆಯವರು ಪೆಟ್ಟಿಗೆ ಹಿಡಿದು ನಾಲ್ಕು ಮಾರು ಓಡಿರಬಹುದು. ಹಾಗೆಯೇ ಪೆಟ್ಟಿಗೆಯ ಮೇಲೆ ಕುಸಿದು ಕುಳಿತರು. ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ತುಟಿ ನೀಲಿಗಟ್ಟಿತ್ತು. ಗಾಡಿ ಹೊರಟುಹೋಯಿತು. ಮಕ್ಕಳು ಅಳುತ್ತಿದ್ದರು. ಅತ್ತೆಯವರು ಮಗನ ಎದೆ ನೀವುತ್ತಾ "ಮಾತಾಡೋ ಮಗಾ, ಒಂದು ಮಾತಾಡೋ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಬಹಳ ಹೊತ್ತಿನ ಮೇಲೆ "ಅವ್ವಾ" ಎಂದರು. ಅಷ್ಟೇ.

ಮುಂದಿನ ಗಾಡಿಗೆ ತರೀಕೆರೆ ಸೇರಿ, ಮರುದಿನ ಅಲ್ಲಿಯ ಡಾಕ್ಟರಲ್ಲಿಗೆ ಹೋದೆವು. ಅವರು ಎದೆಗೆ ನಳಿಕೆ ಇಟ್ಟು ನೋಡಿ, ಭಾರ ಇಳಿಸಬೇಕು, ಊಟ ಹಿತವಾಗಿರಬೇಕು, ದಿನವೂ ನಡೆಯಬೇಕು, ಇಲ್ಲದಿದ್ದರೆ ಈ ಎದೆ ಬಹಳ ವರ್ಷ ಹೊರುವುದಿಲ್ಲ ಎಂದರು. ನಮ್ಮ ಮನೆಯವರು ಅಂಗಿ ಎತ್ತಿ ಉಡಿದಾರ ತೋರಿಸಿ, "ನೋಡಿ ಸ್ವಾಮಿ, ನಾನು ದಪ್ಪ ಆಗೇ ಇಲ್ಲ" ಎಂದರು. ಡಾಕ್ಟರು ನನ್ನ ಮುಖ ನೋಡಿದರು. ನನಗೆ ಆಗ ಮೊದಲ ಬಾರಿಗೆ ಸಂಶಯ ಬಂತು.

ನನ್ನ ಪೆಟ್ಟಿಗೆಯಲ್ಲಿ ಮದುವೆಯ ಕಂಕಣದ ಜೊತೆಗೆ ಅವರ ಮದುವೆಯ ಉಡಿದಾರವನ್ನೂ ಇಟ್ಟುಕೊಂಡಿದ್ದೆ. ಅಜ್ಜಂಪುರಕ್ಕೆ ಬಂದ ದಿನವೇ ಅದನ್ನು ತೆಗೆದು ಅವರ ಸೊಂಟಕ್ಕೆ ಸುತ್ತಿ ನೋಡಿದೆ. ಎರಡು ತುದಿಗಳು ಒಂದನ್ನೊಂದು ಮುಟ್ಟಲೇ ಇಲ್ಲ.

"ಹಳೇ ದಾರ ಕಣೇ, ಕುಗ್ಗಿದೆ" ಎಂದರು ಅವರು. ಪಾಪ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು.

ಅವರು ಮಂಡಿಗೆ ಹೋದ ಮೇಲೆ ದಾರ ಹಿಡಿದು ಅತ್ತೆಯವರ ಎದುರು ನಿಂತೆ. ಅವರು ಮೊರದಲ್ಲಿ ರಾಗಿ ಕೇರುತ್ತಿದ್ದರು. ಅತ್ತೆಗೆ ಅಳತೆ ತಪ್ಪಿದೆ ಎಂದು ಸೊಸೆ ಹೇಳುವುದೆಂದರೆ ಸಣ್ಣ ಮಾತಲ್ಲ. ನಾನು ಹೇಳಲೂ ಇಲ್ಲ, ದಾರವನ್ನು ಮೊರದ ಪಕ್ಕದಲ್ಲಿ ಇಟ್ಟೆ. ಅವರಿಗೆ ತಿಳಿಯಿತು.

"ಎಷ್ಟು ಕಮ್ಮಿ?"

"ಒಂದು ಗೇಣು, ನಾಲ್ಕು ಬೆರಳು."

"ಹೂಂ. ಅವನು ಮಂಡಿ ಹತ್ತಿ ಎಂಟು ಯುಗಾದಿ ಆಯ್ತಲ್ಲ" ಎಂದರು. ಮೊರ ಕೆಳಗಿಟ್ಟರು. ತಾವಾಗಿಯೇ ಹೇಳಿದರು: "ಇವನಿಗಿಂತ ಮುಂಚೆ ಎರಡು ಗಂಡು ಹುಟ್ಟಿದ್ವು ಕಣೇ. ಎರಡಕ್ಕೂ ತಿಂಗಳುಗಟ್ಟಲೆ ಚಳಿಜ್ವರ. ಉಡಿದಾರ ಸಡಿಲ ಆಗಿ ಆಗಿ ಕಾಲಿಗೆ ಜಾರೋದು. ಗಂಟು ಹಾಕ್ತಿದ್ದೆ, ಮತ್ತೆ ಜಾರೋದು. ಹಂಗೇ ಹೋಗ್ಬಿಟ್ವು. ಇವನ ದಾರ ಬಿಗಿ ಆದಾಗ ನಂಗೆ ಸಂತೋಷ ಆಗ್ಬಿಡ್ತು. ಕಮ್ಮಿ ಉಣ್ಣು ಅನ್ನೋಕೆ ಬಾಯೇ ಬರ್ಲಿಲ್ಲ. ಇನ್ನೂ ಬೆಳೀತಾ ಇದಾನೆ ಅಂದ್ಕೊಂಡು ವರ್ಷಾ ವರ್ಷಾ ಎರಡು ಬೆರಳು ಬಿಟ್ಟೆ."

ನಾನು ಅವರ ಪಕ್ಕದಲ್ಲಿ ಕುಳಿತೆ. ಆಮೇಲೆ ಅವರು ಮೊರ ಎತ್ತಿಕೊಂಡು ಉಳಿದ ರಾಗಿಯನ್ನು ಕೇರಿ ಮುಗಿಸಿದರು.

ಆ ಸಂಜೆ ಮಗನನ್ನು ಕೂರಿಸಿಕೊಂಡು, ನನ್ನ ಎದುರಿಗೇ, "ನಾನು ಅಳತೆಯಲ್ಲಿ ಮೋಸ ಮಾಡ್ದೆ ಕಣೋ" ಎಂದರು. ತಪ್ಪೊಪ್ಪಿಕೊಳ್ಳುವಾಗಲೂ ಬೆನ್ನು ಬಾಗಲಿಲ್ಲ.

ನಮ್ಮ ಮನೆಯವರು ಎರಡು ದಾರಗಳನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಆಮೇಲೆ, "ಅವ್ವಾ, ಮಂಡೀಲಿ ಅಳತೆ ಮೋಸ ಮಾಡಿದ್ರೆ ಅಂಗಡಿ ಮುಚ್ಚಿಸ್ತಾರೆ" ಎಂದರು.

"ಬೀರೂರಲ್ಲಿ ಮುಚ್ಚೋದ್ರಲ್ಲಿತ್ತಲ್ಲಪ್ಪ. ಶಿವ ಕಾಪಾಡ್ದ."

ಭಯಪಟ್ಟವರು ಮಾಡುವಂತೆ ನಮ್ಮ ಮನೆಯವರು ನಾಳೆಯಿಂದಲೇ ಉಪವಾಸ ಎಂದರು. ಮದುವೆಯ ದಾರವನ್ನೇ ಬಿಗಿದು ಕಟ್ಟಿಕೊಳ್ಳುತ್ತೇನೆ ಎಂದರು. ಅತ್ತೆಯವರು ಬೇಡವೆಂದರು. "ಒಂದೇ ಸಲ ಬಿಗಿದ್ರೆ ದಾರ ಕಿತ್ತೋಗ್ತದೆ, ಇಲ್ಲ ನೀನು ಕಿತ್ಕೊಂಡು ಬಿಸಾಕ್ತೀಯ. ಎಂಟು ವರ್ಷದಾಗೆ ಬಂದಿದ್ದು ಎಂಟು ವರ್ಷದಾಗೆ ಹೋಗ್ಲಿ. ನಾನೇ ಬಿಟ್ಟಿದ್ದು, ನಾನೇ ಕಮ್ಮಿ ಮಾಡ್ತೀನಿ. ವರ್ಷಕ್ಕೆ ಎರಡು ಬೆರಳು."

ಮರುದಿನ ಬೆಳಿಗ್ಗೆ ತಾವೇ ಮುಂದೆ ನಡೆದರು. ಮೊದಲ ವಾರ ಊರಂಚಿನ ಹುಣಸೆಮರದವರೆಗೆ ಮಾತ್ರ. ಅಲ್ಲಿಗೇ ನಮ್ಮ ಮನೆಯವರು ಬುಸುಗುಡುತ್ತಿದ್ದರು. ಬೀರೂರಿನಲ್ಲಿ ಕಲಿತದ್ದನ್ನು ಅತ್ತೆಯವರು ಮರೆತಿರಲಿಲ್ಲ. "ಮಾತಾಡ್ತಾ ನಡಿ. ಮಾತು ನಿಂತ್ರೆ ನೀನೂ ನಿಲ್ಲು. ಉಸಿರು ಬಂದ ಮೇಲೆ ಮತ್ತೆ ನಡಿ" ಎಂಬುದು ಹೊಸ ಕಟ್ಟಳೆಯಾಯಿತು. ಮಳೆಗಾಲ ಬರುವ ಹೊತ್ತಿಗೆ ಬಾವಿಯವರೆಗೆ, ದೀಪಾವಳಿಗೆ ಗಡಿಕಲ್ಲಿನವರೆಗೆ. ಮನೆಗೆ ಬೇಕಾದ ನೀರನ್ನು ಸೇದುವ ಕೆಲಸ ನನ್ನಿಂದ ನಮ್ಮ ಮನೆಯವರಿಗೆ ಹೋಯಿತು. ಗಂಡಸು ಕೊಡ ಹೊರುವುದು ನೋಡಿ ಬೀದಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಮಂಡಿಯಲ್ಲೂ ಗೇಲಿ ಕಮ್ಮಿಯಿರಲಿಲ್ಲ. ಅಲ್ಲಿಯ ಒಬ್ಬರು ವರ್ತಕರು ತಾಯಿ ಮಗ ನಡೆಯುವ ದಾರಿಯಲ್ಲೇ ನಿಲ್ಲಿಸಿ, "ಏನ್ ಸಾವ್ಕಾರ್ರೇ, ಈ ವಯಸ್ಸಲ್ಲಿ ಅವ್ವ ನಡೆಯೋದು ಕಲಿಸ್ತಾವ್ರಾ?" ಎಂದರು.

ಅತ್ತೆಯವರೇ ಉತ್ತರ ಕೊಟ್ಟರು: "ಹೂಂ ಕಣಪ್ಪ, ಮೊದಲ್ನೇ ಸಲ ಸರಿಯಾಗಿ ಕಲಿಸಿರ್ಲಿಲ್ಲ. ನೀನೂ ಬಾ, ನಿಮ್ಮವ್ವನೂ ಮರ್ತಿರ್ಬೇಕು." ಆ ವರ್ತಕರು ಮುಂದಿನ ತಿಂಗಳು ನಿಜವಾಗಿಯೂ ಬಂದರು. ನಾಲ್ಕು ದಿನ ನಡೆದು ಬಿಟ್ಟರು.

ಅತ್ತೆಯವರಿಗೆ ಬೆಲ್ಲವೆಂದರೆ ಪ್ರಾಣ. ಮಧ್ಯಾಹ್ನ ಒಂದು ಚೂರು ಬೆಲ್ಲ, ಎರಡು ಕಡಲೆಬೀಜ, ಅದೊಂದೇ ಅವರ ಚಪಲ. ಮಗನ ಪಾನಕ ನಿಲ್ಲಿಸಿದ ದಿನ ತಮ್ಮ ಬೆಲ್ಲವನ್ನೂ ನಿಲ್ಲಿಸಿದರು. ನೀವು ಯಾಕೆ ಬಿಡಬೇಕು ಅತ್ತೆಮ್ಮ ಎಂದೆ. "ಅವನ ಬಾಯಿ ಕಟ್ಟಿ ನಾನು ಚೀಪ್ತಾ ಕೂತ್ರೆ ಹೆಂಗೆ? ಕಟ್ಟಳೆ ಅಂದ್ರೆ ಎಲ್ಲರ್ಗೂ ಒಂದೇ ಇರ್ಬೇಕು. ಒಬ್ಬರಿಗೆ ಬಿಟ್ಟು ನೋಡಿದೀನಲ್ಲ" ಎಂದರು.

ತಪ್ಪಿದ ದಿನಗಳೂ ಇದ್ದವು. ಒಂದು ಸಂಜೆ ಮಂಡಿಯಲ್ಲಿ ನಮ್ಮ ಮನೆಯವರು ಬೋಂಡ ತಿಂದು ಬಂದು ಸುಮ್ಮನೆ ಮಲಗಿದರು. ಮರುದಿನ ಹುಣಸೆಮರ ದಾಟುವ ಮುಂಚೆಯೇ ಮಾತು ನಿಂತಿತು. ಅತ್ತೆಯವರು ತಿರುಗಿ ನೋಡಿ, "ಎಷ್ಟು?" ಎಂದರಂತೆ. "ಆರು" ಎಂದರಂತೆ ಇವರು. "ಹಂಗಾದ್ರೆ ಇವತ್ತು ಎರಡು ಸಲ ಕಲ್ಲು ಮುಟ್ಬೇಕು." ಬಯ್ಗುಳವಿಲ್ಲ, ಅಳುವಿಲ್ಲ. ಎರಡು ಸಲ ಮುಟ್ಟಿ ಬಂದರು. ತಾಯಿಯೂ ಎರಡು ಸಲ.

ಮುಂದಿನ ಯುಗಾದಿಯಂದು ಅತ್ತೆಯವರು ಹಳೆಯ ದಾರದ ಪಕ್ಕದಲ್ಲಿ ಹೊಸದನ್ನು ಹಿಡಿದು, ತುದಿಯಿಂದ ಎರಡು ಬೆರಳು ಹಿಂದಕ್ಕೆ ಬಂದು ಕತ್ತರಿಸಿದರು. ದಾರ ಸರಿಯಾಗಿ ಕುಳಿತಿತು. ಅದರ ಮುಂದಿನ ವರ್ಷ ಇನ್ನೆರಡು. ನಾಲ್ಕನೆಯ ವರ್ಷ ಆಯುಧಪೂಜೆಯಲ್ಲಿ ಹಮಾಲರು ತಕ್ಕಡಿಯಿಂದ ಕಲ್ಲು ತೆಗೆಯಬೇಕಾಗಿ ಬಂದು ಮುಖ ಸಪ್ಪೆ ಮಾಡಿಕೊಂಡರಂತೆ. ನಮ್ಮ ಮನೆಯವರು ತಕ್ಕಡಿಯಿಂದ ಇಳಿದು, ಒಂದು ಕೊಬ್ಬರಿ ಮೂಟೆಯನ್ನು ತಾವೇ ಹೊತ್ತು ಒಳಗೆ ಇಟ್ಟು, "ಈಗ ಕೂಗ್ರಪ್ಪ" ಎಂದರಂತೆ.

ಐದನೆಯ ವರ್ಷ ತಮ್ಮನ ಮಗುವಿನ ನಾಮಕರಣಕ್ಕೆ ಮತ್ತೆ ತರೀಕೆರೆಗೆ ಹೊರಟೆವು. ಬೀರೂರಿನಲ್ಲಿ ಮತ್ತೆ ಹಾಗೆಯೇ, ಆ ಗಾಡಿ ಸಿಳ್ಳೆ ಹಾಕುತ್ತಿತ್ತು. ನಮ್ಮ ಮನೆಯವರು ಒಂದು ಕೈಯಲ್ಲಿ ಪೆಟ್ಟಿಗೆ, ಹೆಗಲ ಮೇಲೆ ಮಗಳನ್ನು ಎತ್ತಿಕೊಂಡು ಓಡಿದರು. ನಾವು ಹಿಂದೆ ಓಡಿದೆವು. ಗಾಡಿಯ ಬಾಗಿಲಲ್ಲಿ ಅತ್ತೆಯವರು ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತುಬಿಟ್ಟರು.

"ಮಾತಾಡೋ."

"ಏನ್ ಮಾತಾಡ್ಲವ್ವಾ ಗಾಡಿ ಹೊರಡ್ತಾ ಐತೆ ಮೊದ್ಲು ಹತ್ತು ಆಮೇಲೆ ತರೀಕೆರೆವರೆಗೂ ಮಾತಾಡ್ತೀನಿ!"

ಒಂದೇ ಉಸಿರಿನಲ್ಲಿ ಅಷ್ಟೂ ಹೇಳಿದರು. ಅತ್ತೆಯವರು ಹತ್ತಿ ಕುಳಿತು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ತರೀಕೆರೆಯಲ್ಲಿ ಇಳಿದ ಮೇಲೆ ನಮ್ಮ ತವರಿನವರಿಗೆಲ್ಲ ಆ ಮಾತನ್ನು ಹಾಗೆ ಹಾಗೆಯೇ ಹೇಳಿದರು. ಮಗುವಿಗೆ ಏನು ಹೆಸರಿಟ್ಟರೆಂದು ಊರಿಗೆ ಬಂದ ಮೇಲೆ ಯಾರೋ ಕೇಳಿದರೆ ಅವರಿಗೆ ನೆನಪಿರಲಿಲ್ಲ.

ಆರನೆಯ ಯುಗಾದಿಗೆ ಹನ್ನೆರಡು ಬೆರಳು, ಒಂದು ಪೂರ್ತಿ ಗೇಣು, ಇಳಿದಿತ್ತು. ಇನ್ನು ನಾಲ್ಕು ಬೆರಳು, ಎರಡು ಯುಗಾದಿ.

ಆ ಮಂಗಳವಾರದ ಮರುದಿನ ಶುರುವಾದ ಜ್ವರ ಐದು ದಿನ ಇತ್ತು. ಆ ವರ್ಷ ಊರಿನಲ್ಲಿ ಎಷ್ಟೋ ಮನೆಗಳಿಗೆ ಬಂದ ಜ್ವರವೇ. ಮೂರನೆಯ ದಿನ ಅತ್ತೆಯವರು ಕಣ್ಣು ತೆರೆದು ಮಗನನ್ನು ಕೇಳಿದ್ದು ಒಂದೇ: "ಕಲ್ಲು ಮುಟ್ಟಿ ಬಂದ್ಯಾ?" ಅವರು ಹೋಗಿರಲಿಲ್ಲ, ತಾಯಿಯ ಬಳಿಯೇ ಕುಳಿತಿದ್ದರು. ಆದರೂ ಎದ್ದು ಹೋಗಿ ಮುಟ್ಟಿ ಬಂದು, "ಬಂದೆ ಅವ್ವಾ" ಎಂದರು. ಐದನೆಯ ದಿನ ಅತ್ತೆಯವರು ಹೋಗಿಬಿಟ್ಟರು.

ನಮ್ಮ ಹೊಲ ಇರುವುದು ಗಡಿಕಲ್ಲು ದಾಟಿ, ಕಾವಲಿನ ಅಂಚಿನಲ್ಲಿ. ಮಾವನವರ ಪಕ್ಕದಲ್ಲಿಯೇ ಅವರಿಗೂ ಜಾಗ. ಹೊರುವವರು ದಾರಿಯಲ್ಲಿ ಹೆಗಲು ಬದಲಿಸುತ್ತಿದ್ದರು. ನಮ್ಮ ಮನೆಯವರು ಬದಲಿಸಲಿಲ್ಲ. ಹುಣಸೆಮರ, ಬಾವಿ, ಗಡಿಕಲ್ಲು, ಅಲ್ಲಿಂದ ಹೊಲದವರೆಗೂ ಒಂದೇ ಹೆಗಲಿನಲ್ಲಿ ತಾಯಿಯನ್ನು ಹೊತ್ತು ನಡೆದರು. ನಾನು ಹಿಂದೆ ಹೆಂಗಸರ ನಡುವೆ ನಡೆಯುತ್ತಾ ಅವರ ಬೆನ್ನನ್ನೇ ನೋಡುತ್ತಿದ್ದೆ. ದುಃಖದಲ್ಲೂ ನನಗೆ ಹೆಮ್ಮೆಯಾಯಿತು. ಅತ್ತೆಯವರು ಕಂಡಿದ್ದರೆ ಮಾತಾಡು ಎನ್ನುತ್ತಿದ್ದರು.

ಮಾತಾಡಿಸಲು ಬಂದವರಲ್ಲಿ ಒಬ್ಬರು, "ಅಷ್ಟು ಹಿತಮಿತವಾಗಿ ಉಂಡು, ಅಷ್ಟು ನಡೆದು, ಅವ್ವ ಏನ್ ಕಂಡ್ರಪ್ಪ? ಐದು ದಿನದ ಜ್ವರಕ್ಕೆ ಹೋದ್ರು" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ.

"ನನ್ನ ಕಂಡ್ರು ಕಣ್ರೀ. ನಾನಿದ್ದೀನಲ್ಲ" ಎಂದರು ನಮ್ಮ ಮನೆಯವರು.

ಯುಗಾದಿ ಬಂತು. ಸಾವಿನ ಮನೆಯಲ್ಲಿ ಹಬ್ಬ ಮಾಡಲಿಲ್ಲ. ಆದರೆ ಗೂಟದ ಮೇಲೆ ಆ ದಾರ ಹಾಗೆಯೇ ಇತ್ತು. ಇಳಿಸಿಕೊಂಡು, ಅವರು ಬಿಟ್ಟಲ್ಲಿಂದ ನಾನು ಹೊಸೆದೆ. ಅವರದು ಬಿಗಿ, ನನ್ನದು ಸಡಿಲ. ಎಲ್ಲಿಂದ ನನ್ನದು ಶುರು ಎಂದು ಕಣ್ಣು ಮುಚ್ಚಿ ಮುಟ್ಟಿದರೂ ತಿಳಿಯುತ್ತದೆ. ನಮ್ಮ ಮನೆಯವರು ಹಳೆಯ ದಾರ ಬಿಚ್ಚಿ ನನ್ನ ಕೈಗೆ ಕೊಟ್ಟರು. ಪಕ್ಕದಲ್ಲಿ ಹೊಸದನ್ನು ಹಿಡಿದೆ. ತುದಿಯಲ್ಲಿ ನನ್ನ ಎರಡು ಬೆರಳು ಇಟ್ಟು ನೋಡಿದೆ. ನನ್ನ ಬೆರಳು ತೆಳು. ನನ್ನದು ನೆಟ್ಟಗಿದೆ. ಅದು ಅವರ ಎರಡು ಬೆರಳು ಆಗಲಿಲ್ಲ.

"ನಿನ್ನ ಬೆರಳಲ್ಲೇ ಅಳಿ" ಎಂದರು ಅವರು.

ಆಗಲಿಲ್ಲ. ಹಳೆಯದರಷ್ಟೇ ಉದ್ದಕ್ಕೆ ಕತ್ತರಿಸಿ ಕೊಟ್ಟೆ. ಅವರು ಕಟ್ಟಿಕೊಂಡು ಕಲ್ಲಿನ ಕಡೆ ನಡೆದರು. ಈಗಲೂ ದಿನವೂ ಹೋಗುತ್ತಾರೆ. ಮುದ್ದೆಯ ಸುತ್ತ ತಟ್ಟೆ ಕಾಣುವಷ್ಟೇ ನಾನು ಬಡಿಸುತ್ತೇನೆ.

ಮದುವೆಯ ದಾರಕ್ಕೆ ಇನ್ನೂ ನಾಲ್ಕು ಬೆರಳು ಇಳಿಯಬೇಕು. ಅಳೆಯುವ ಆ ಎರಡು ಬೆರಳು ಮನೆಯಲ್ಲಿ ಇಲ್ಲ.